ಒಂದೇ ಜ್ವರ, ಮೂರು ಮನೆ

ಚಿಕ್ಕೋಡಿ ತಾಲ್ಲೂಕಿನ ಯಡೂರು ಕೃಷ್ಣಾನದಿಯ ದಂಡೆಯ ಮೇಲಿನ ಊರು. ಅಲ್ಲಿಯ ವೀರಭದ್ರದೇವರ ದರ್ಶನಕ್ಕಾಗಿ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಿರುತ್ತಾರೆ. ಸುತ್ತಲಿನ ಹೊಲಗಳಲ್ಲಿ, ಹೊಳೆಯ ನೀರನ್ನು ಯಂತ್ರದಿಂದ ಎತ್ತಿ ಬೆಳೆಸಿದ ಕಬ್ಬು ಆಳು ಮುಳುಗುವಷ್ಟು ಎತ್ತರ ನಿಂತಿರುತ್ತದೆ. ಕಡಿಯುವ ಕಾಲ ಬಂದಿತೆಂದರೆ ಬೀಡ ಮೊದಲಾದ ದೂರದ ಜಿಲ್ಲೆಗಳಿಂದ ಕೂಲಿಯವರ ತಂಡಗಳು ಮಕ್ಕಳುಮರಿಗಳೊಡನೆ ಈ ಸೀಮೆಗೆ ಬಂದಿಳಿಯುತ್ತವೆ. ಇಷ್ಟು ಜನ ಕೂಡುವಲ್ಲಿ ನೆಗಡಿ ಕೆಮ್ಮುಗಳೂ ಕೂಡುವುದು ಸಹಜ. ಚಳಿಗಾಲದ ಕೊನೆಗೊಮ್ಮೆ, ಮಳೆಗಾಲದ ಸುಮಾರಿಗೊಮ್ಮೆ, ವರ್ಷಕ್ಕೆ ಎರಡು ಸಲ ಫ್ಲೂ ಜ್ವರವು ಈ ದೇಶದಲ್ಲಿ ತಲೆಯೆತ್ತುತ್ತದೆ.

ಮಾಘಮಾಸದ ಒಂದು ವಾರದಲ್ಲಿ ಇಂಥ ಜ್ವರವೊಂದು ಊರಿನ ಮೂರು ಕಡೆ ಕಾಲಿಟ್ಟಿತೆಂದು ಕಲ್ಪಿಸಿಕೊಳ್ಳಬಹುದು. ಮೊದಲನೆಯದು ಬಡಿಗನೊಬ್ಬನ ಮನೆ. ಆತನಿಗೆ ನಲವತ್ತೈದು ವರ್ಷ. ಎತ್ತರ 165 ಸೆಂಟಿಮೀಟರು, ತೂಕ 60 ಕಿಲೊ. ಎರಡನೆಯದು ಕಬ್ಬಿನ ಹೊಲದ ಒಡೆಯನ ಮನೆ. ಒಡೆಯನದೂ ಅದೇ ವಯಸ್ಸು, ಅದೇ ಎತ್ತರ. ತೂಕ ಮಾತ್ರ 84 ಕಿಲೊ. ಹೊಲಕ್ಕೆ ಹೋಗುವುದೂ ಮೋಟಾರ್ ಸೈಕಲ್ಲಿನ ಮೇಲೆಯೇ. ಮೂರನೆಯದು ಮನೆಯಲ್ಲ, ಹೊಲದ ಬದಿಯಲ್ಲಿ ಹಾಕಿದ ಗುಡಿಸಲು. ಕಬ್ಬು ಕಡಿಯಲು ಬಂದ ಮೂವತ್ತು ವರ್ಷದ ಹೆಣ್ಣುಮಗಳು ಅದರೊಳಗಿದ್ದಾಳೆ. ಎತ್ತರ 150 ಸೆಂಟಿಮೀಟರು, ತೂಕ 37 ಕಿಲೊ. ಕೆಲವು ವರ್ಷಗಳ ಹಿಂದೆ ಕ್ಷಯರೋಗವಾಗಿ, ಔಷಧ ತೆಗೆದುಕೊಂಡು ಗುಣವಾದವಳು.

ಬಡಿಗನು ಮೂರು ದಿನ ಕಂಬಳಿ ಹೊದ್ದು ಮಲಗಿ ಆರನೆಯ ದಿನ ಉಳಿ ಹಿಡಿದನು. ಒಡೆಯನಿಗೆ ನಾಲ್ಕನೆಯ ದಿನ ರಾತ್ರಿ ಉಸಿರು ಹಿಡಿದುಕೊಂಡಿತು. ಮನೆಯವರು ಗಾಡಿ ಮಾಡಿಕೊಂಡು ಮಿರಜಕ್ಕೆ ಒಯ್ದರು. ಗುಡಿಸಲಿನ ಹೆಣ್ಣುಮಗಳು ಜ್ವರದಲ್ಲಿಯೇ ಎರಡು ದಿನ ಕಬ್ಬು ಕಡಿದು, ಮೂರನೆಯ ದಿನ ಹೊಲದ ಬದುವಿನ ಮೇಲೆ ಕುಸಿದಳು. ಊರಿನವರು ಗುಡಿಸಲಿನವಳ ವಿಷಯವಾಗಿ ಹೆಚ್ಚು ಮಾತನಾಡುವುದಿಲ್ಲ. ಬಡವರು ಸೊರಗಿ ಬೀಳುವುದು ಯಾರಿಗೂ ಹೊಸದಲ್ಲ. ಒಡೆಯನ ವಿಷಯವಾಗಿ ಮಾತ್ರ ಗುಡಿಯ ಕಟ್ಟೆಯ ಮೇಲೆ ಮಾತೇ ಮಾತು. “ಆನಿ ಇದ್ದಂಗ ಇದ್ದಾಂವ, ಒಂದ ನೆಗಡಿಗೆ ಹೆಂಗ ಬಿದ್ದನಪಾ?”

ಈ ಪ್ರಶ್ನೆಯು ತೋರುವಷ್ಟು ಸುಲಭವಾದುದಲ್ಲ. ವೈರಾಣು ಮೂವರಲ್ಲಿಯೂ ಒಂದೇ. ಆದರೆ ಒಕ್ಕಲಿಗನಿಗೆ ಯಾರೂ ಹೇಳಿಕೊಡಬೇಕಿಲ್ಲ, ಒಂದೇ ಚೀಲದ ಬೀಜವು ಎರೆಯ ಹೊಲದಲ್ಲಿ ಒಂದು ಬಗೆಯಾಗಿ, ಮಸಾರಿ ಹೊಲದಲ್ಲಿ ಇನ್ನೊಂದು ಬಗೆಯಾಗಿ ಏಳುತ್ತದೆಂದು. ಜ್ವರ ಬರುವುದಕ್ಕೆ ಎಷ್ಟೋ ವರ್ಷ ಮೊದಲೇ ಅದರ ಗತಿ ಅರ್ಧಕ್ಕರ್ಧ ನಿಶ್ಚಯವಾಗಿರುತ್ತದೆ. ಆ ನಿಶ್ಚಯವು ಮೈಯೊಳಗೆ ಮೌನವಾಗಿ ನಡೆದಿರುತ್ತದೆ.

ಇದಕ್ಕೆ ಕನ್ನಡನಾಡಿನಲ್ಲಿಯೇ ಮರೆಯಲಾಗದ ನಿದರ್ಶನವಿದೆ. ಕೋವಿಡ್ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲ ಮರಣವು ಕಲಬುರಗಿಯದು. 2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ, ಸೌದಿ ಅರೇಬಿಯಾದಿಂದ ಮರಳಿದ್ದ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಅವರಿಗೆ ರಕ್ತದೊತ್ತಡವೂ ಉಬ್ಬಸವೂ ಮೊದಲೇ ಇದ್ದವೆಂದು ಪ್ರಕಟಣೆಯಲ್ಲಿ ತಿಳಿಸಲಾಗಿತ್ತು. ಅಲ್ಲಿಂದ ಮುಂದೆ ರಾಜ್ಯದ ಆರೋಗ್ಯ ಇಲಾಖೆಯು ದಿನಂಪ್ರತಿ ಹೊರಡಿಸುತ್ತಿದ್ದ ಪತ್ರಿಕೆಯಲ್ಲಿ ಸತ್ತವರ ಹೆಸರಿಲ್ಲ. ವಯಸ್ಸು, ಹೆಣ್ಣೋ ಗಂಡೋ, ಯಾವ ಜಿಲ್ಲೆ, ಏನು ಲಕ್ಷಣ, ಕೊನೆಗೆ ಮೊದಲೇ ಇದ್ದ ರೋಗ ಯಾವುದು ಎಂಬ ವಿವರಗಳು ಮಾತ್ರ. ಆ ಕೊನೆಯ ಅಂಕಣದಲ್ಲಿ ಮತ್ತೆ ಮತ್ತೆ ಕಾಣುತ್ತಿದ್ದ ಅಕ್ಷರಗಳು ಎರಡೇ ಬಗೆಯವು: ‘ಡಿ.ಎಂ.’ ಎಂದರೆ ಮಧುಮೇಹ, ‘ಎಚ್.ಟಿ.ಎನ್.’ ಎಂದರೆ ರಕ್ತದೊತ್ತಡ. ಆ ಪಟ್ಟಿಯನ್ನು ದಿನವೂ ಓದುತ್ತಿದ್ದವರಿಗೆ ಈ ಅಕ್ಷರಗಳು ಬಾಯಿಪಾಠವಾಗಿ ಹೋದವು. ಪಟ್ಟಿಯಲ್ಲಿ ಬರದೆ ಉಳಿಯುತ್ತಿದ್ದುದು ಒಂದು, ಅದು ದೇಹದ ತೂಕ. ಸ್ಥೂಲಕಾಯವನ್ನು ರೋಗವೆಂದು ಬರೆದುಕೊಳ್ಳುವ ಪದ್ಧತಿ ಈ ಕಡೆಯ ದವಾಖಾನೆಗಳಲ್ಲಿ ಇನ್ನೂ ಬಲವಾಗಿ ಬೇರೂರಿಲ್ಲ.

ಒಡೆಯನ ಮೈಯೊಳಗೆ ಆ ನಾಲ್ಕು ದಿನ ಏನು ನಡೆಯಿತೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡತಕ್ಕದ್ದು. ಎದೆಗೂ ಹೊಟ್ಟೆಗೂ ನಡುವೆ ವಪೆಯೆಂಬ ಸ್ನಾಯುವಿನ ಪರದೆಯೊಂದಿದೆ. ಉಸಿರನ್ನು ಒಳಗೆ ಎಳೆಯುವಾಗ ಇದು ಕೆಳಗಿಳಿದು ಶ್ವಾಸಕೋಶಗಳು ಹಿಗ್ಗಲು ಎಡೆ ಮಾಡಿಕೊಡುತ್ತದೆ. ಹೊಟ್ಟೆಯೊಳಗೆ ಕೊಬ್ಬು ತುಂಬಿದ್ದರೆ ಪರದೆ ಇಳಿಯಬೇಕಾದಷ್ಟು ಇಳಿಯದು. ನಿಂತಿರುವಾಗ, ಕುಳಿತಿರುವಾಗ ಇದರ ತೊಂದರೆ ಅಷ್ಟಾಗಿ ತಿಳಿಯುವುದಿಲ್ಲ. ಅಂಗಾತ ಮಲಗಿದೊಡನೆ ಹೊಟ್ಟೆಯ ಭಾರವೆಲ್ಲ ಮೇಲಕ್ಕೆ ಒತ್ತಿ, ಶ್ವಾಸಕೋಶದ ಕೆಳಭಾಗದ ಗಾಳಿಗೂಡುಗಳು ಮುಚ್ಚಿಕೊಳ್ಳುತ್ತವೆ. ರೋಗವಿಲ್ಲದ ದಿನಗಳಲ್ಲಿ ಉಳಿದ ಭಾಗವೇ ಸಾಕಾಗುತ್ತದೆ. ವೈರಾಣು ಹೊಕ್ಕು ಆ ಉಳಿದ ಭಾಗದಲ್ಲಿಯೂ ಬಾವು ಬಂದಾಗ ಕೈಯಲ್ಲಿ ಮಿಗುತಾಯವೇ ಇರುವುದಿಲ್ಲ. ಕೋವಿಡ್ ವಾರ್ಡುಗಳಲ್ಲಿ ರೋಗಿಗಳನ್ನು ಗಂಟೆಗಟ್ಟಲೆ ಬೋರಲಾಗಿ ಮಲಗಿಸುತ್ತಿದ್ದುದನ್ನು ಅನೇಕರು ಕಂಡಿದ್ದಾರೆ. ಬೆನ್ನಿನ ಕಡೆಯ ಗಾಳಿಗೂಡುಗಳು ತೆರೆಯಲಿ ಎಂಬುದೇ ಅದರ ಉದ್ದೇಶ.

ಇದು ಭಾರದ ಮಾತಾಯಿತು. ಕೊಬ್ಬಿನ ಗುಣದ ಮಾತು ಇನ್ನೊಂದಿದೆ. ಕೊಬ್ಬೆಂದರೆ ಹಗೇವಿನಲ್ಲಿ ತುಂಬಿಟ್ಟ ಜೋಳದಂತೆ, ಬೇಕಾದಾಗ ತೆಗೆದುಕೊಳ್ಳುವ ದಾಸ್ತಾನು ಎಂದು ವೈದ್ಯರೂ ಬಹುಕಾಲ ಭಾವಿಸಿದ್ದರು. ಹಾಗಲ್ಲವೆಂದು ಈಗ ತಿಳಿದಿದೆ. ಹೊಟ್ಟೆಯೊಳಗಿನ ಕೊಬ್ಬು ಸುಮ್ಮನಿರುವ ವಸ್ತುವಲ್ಲ. ಅದು ಹಗಲಿರುಳು ನಾನಾ ರಸಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಅವುಗಳಲ್ಲಿ ಕೆಲವು ಮೈಯಲ್ಲಿ ಬಾವನ್ನು ಹುಟ್ಟಿಸತಕ್ಕವು. ಬೂದಿ ಮುಚ್ಚಿದ ಕೆಂಡದಂತೆ ವರ್ಷಗಟ್ಟಲೆ ಸಣ್ಣ ಬಾವೊಂದು ಮೈತುಂಬ ಉರಿಯುತ್ತಿರುತ್ತದೆ. ಇದರ ಪರಿಣಾಮವು ವಿಚಿತ್ರ. ವೈರಾಣು ಬಂದ ಮೊದಲ ದಿನಗಳಲ್ಲಿ ಚುರುಕಾಗಿ ಏಳಬೇಕಾದ ರಕ್ಷಣೆ ತಡವಾಗಿ ಏಳುತ್ತದೆ. ಎದ್ದ ಮೇಲೆ ತಣ್ಣಗಾಗಬೇಕಾದಾಗ ತಣ್ಣಗಾಗದೆ ತನ್ನ ಮನೆಯನ್ನೇ ಸುಡತೊಡಗುತ್ತದೆ. ನಿಕರಾಗುವಾ ದೇಶದ ಕುಟುಂಬಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಫ್ಲೂ ಹಿಡಿದ ಸ್ಥೂಲಕಾಯದ ವಯಸ್ಕರು ಇತರರಿಗಿಂತ ನೂರಕ್ಕೆ ಸುಮಾರು 42ರಷ್ಟು ಹೆಚ್ಚು ಕಾಲ ವೈರಾಣುವನ್ನು ಹೊರಗೆ ಬಿಡುತ್ತಿದ್ದರೆಂದು ಕಂಡುಬಂದಿತು. ಎಂದರೆ ಇದು ಒಡೆಯನೊಬ್ಬನ ಪಾಡಲ್ಲ, ಆತನ ಮನೆಯವರೆಲ್ಲರ ಪಾಡು.

ದಪ್ಪ ಮೈಗೂ ಫ್ಲೂವಿನ ಉಗ್ರತೆಗೂ ಇರುವ ಈ ಸಂಬಂಧ ವೈದ್ಯರ ಕಣ್ಣಿಗೆ ಸ್ಪಷ್ಟವಾಗಿ ಬಿದ್ದದ್ದು 2009ರಲ್ಲಿ. ಆ ವರ್ಷ ‘ಹಂದಿಜ್ವರ’ವೆಂದು ಹೆಸರಾದ ಎಚ್1ಎನ್1 ಫ್ಲೂ ಜಗತ್ತನ್ನೆಲ್ಲ ಸುತ್ತಿತು. ಭಾರತದಲ್ಲಿ ಅದರಿಂದಾದ ಮೊದಲ ಸಾವು ಚಿಕ್ಕೋಡಿಯ ಸೀಮೆಗೆ ದೂರವಲ್ಲದ ಪುಣೆಯಲ್ಲಿ, ಆಗಸ್ಟ್ ತಿಂಗಳಲ್ಲಿ ಸಂಭವಿಸಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆಸ್ಪತ್ರೆ ಸೇರಿದವರ ಲೆಕ್ಕ ನೋಡಿದಾಗ, ಮುದುಕರೂ ಮಕ್ಕಳೂ ಗರ್ಭಿಣಿಯರೂ ಅಲ್ಲದ ಎಷ್ಟೋ ರೋಗಿಗಳಲ್ಲಿ ಅತಿಯಾದ ತೂಕವೊಂದೇ ಎದ್ದು ಕಾಣುವ ಕಾರಣವಾಗಿತ್ತು. ಕೋವಿಡ್ ಬಂದ ಮೇಲೆ ಇಂಗ್ಲೆಂಡಿನಲ್ಲಿ 69 ಲಕ್ಷ ಜನರ ದಾಖಲೆಗಳನ್ನು ಕೂಡಿಸಿ 2021ರಲ್ಲಿ ಇನ್ನೂ ದೊಡ್ಡ ಲೆಕ್ಕ ಪ್ರಕಟವಾಯಿತು. ಕಿಲೊಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಗೆ ದೇಹತೂಕದ ಸೂಚ್ಯಂಕವೆಂದು ಹೆಸರು. ಬಡಿಗನದು 22, ಒಡೆಯನದು ಸುಮಾರು 31, ಗುಡಿಸಲಿನ ಹೆಣ್ಣುಮಗಳದು 16ಕ್ಕಿಂತ ಸ್ವಲ್ಪ ಮೇಲೆ. ಇಂಗ್ಲೆಂಡಿನ ಲೆಕ್ಕದಲ್ಲಿ ಆಸ್ಪತ್ರೆ ಸೇರುವ ಭಯ ಅತ್ಯಂತ ಕಡಮೆಯಾಗಿದ್ದುದು 23ರ ಹತ್ತಿರ. ಅಲ್ಲಿಂದ ಮೇಲೆ ಒಂದೊಂದು ಅಂಕೆಗೂ ಆ ಭಯ ನೂರಕ್ಕೆ 5ರಂತೆ ಏರುತ್ತಿತ್ತು. ತೀವ್ರನಿಗಾ ಘಟಕ ಸೇರುವ ಭಯವಂತೂ ನೂರಕ್ಕೆ 10ರಂತೆ. ಗಮನಿಸಬೇಕಾದ ಸಂಗತಿಯೆಂದರೆ, ತೂಕದಿಂದಾಗುವ ಈ ಕೇಡು 80 ದಾಟಿದವರಿಗಿಂತ 40ರ ಒಳಗಿನವರಲ್ಲಿ ಹೆಚ್ಚು ಪ್ರಬಲವಾಗಿತ್ತು. ‘ಇನ್ನೂ ವಯಸ್ಸಿದೆ, ಮೈ ತಡೆಯುತ್ತದೆ’ ಎಂಬ ಮಾತಿಗೆ ಇಲ್ಲಿ ಆಧಾರವಿಲ್ಲ.

ಆದರೆ ಅದೇ ಲೆಕ್ಕದಲ್ಲಿ 23ರಿಂದ ಕೆಳಗೆ ಇಳಿಯುತ್ತ ಹೋದರೂ ಭಯ ಮತ್ತೆ ಏರಿತು. ಇಲ್ಲಿ ಗುಡಿಸಲಿನ ಹೆಣ್ಣುಮಗಳ ಕಡೆಗೆ ತಿರುಗಲೇಬೇಕು. ಬೆಳಗಾವಿ ಜಿಲ್ಲೆಗೆ ಶ್ವಾಸದ ಜ್ವರವು ಅತ್ಯಂತ ದೊಡ್ಡ ಪಾಠ ಕಲಿಸಿದ ಕಾಲದಲ್ಲಿ ಜನರನ್ನು ಕೊಂದದ್ದು ಕೊಬ್ಬಲ್ಲ, ಹಸಿವು.

1918ನೆಯ ಇಸವಿ, ಆಗ ಈ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು. ಜೂನ್ ತಿಂಗಳಲ್ಲಿ ಮುಂಬಯಿಯ ಬಂದರುಕಟ್ಟೆಯ ಪೊಲೀಸ್ ಸಿಪಾಯಿಗಳು ಕೆಲವರು ಜ್ವರದಿಂದ ಆಸ್ಪತ್ರೆ ಸೇರಿದರು. ಮೊದಲ ಅಲೆ ಮೃದುವಾಗಿಯೇ ಹೋಯಿತು. ಸೆಪ್ಟೆಂಬರಿನಲ್ಲಿ ಎರಡನೆಯದು ಎದ್ದಿತು. ರೈಲು ದಾರಿಗಳನ್ನು ಹಿಡಿದು ದೇಶದ ಒಳನಾಡಿಗೆಲ್ಲ ಹಬ್ಬಿತು. ಮರಾಠಿ ಮಾತನಾಡುವವರು ಆ ಬೇನೆಯನ್ನು ‘ಮಾನಮೋಡಿ’ ಎಂದು ಕರೆದರು. ಕತ್ತು ಮುರಿಯುವುದು ಎಂದು ಅದರ ಅರ್ಥ. ಆ ವರ್ಷ ಮಳೆ ಕೈಕೊಟ್ಟಿತ್ತು, ಯುದ್ಧದಿಂದ ಧಾನ್ಯದ ಬೆಲೆ ಏರಿತ್ತು. ಬೇನೆಯೂ ಬರವೂ ಒಂದೇ ಬಾಗಿಲಿನಿಂದ ಒಳಹೊಕ್ಕವು. ಭಾರತದಲ್ಲಿ ಸತ್ತವರ ಸಂಖ್ಯೆ ಒಂದು ಕೋಟಿಯನ್ನು ಮೀರಿತೆಂದು ಹೆಚ್ಚಿನ ಅಂದಾಜುಗಳು ಹೇಳುತ್ತವೆ. 1911ರಿಂದ 1921ರ ವರೆಗಿನ ದಶಕದಲ್ಲಿ ದೇಶದ ಜನಸಂಖ್ಯೆ ಬೆಳೆಯುವುದಕ್ಕೆ ಬದಲು ಇಳಿಯಿತು. ಜನಗಣತಿಯ ಇತಿಹಾಸದಲ್ಲಿ ಹಾಗಾದದ್ದು ಆ ಒಂದು ದಶಕದಲ್ಲಿ ಮಾತ್ರ. ಮುಂಬಯಿ ನಗರದ ಲೆಕ್ಕವು ಇನ್ನೂ ಕಠಿನವಾದ ಸಂಗತಿಯನ್ನು ಹೇಳುತ್ತದೆ. ಅಲ್ಲಿಯ ಯುರೋಪಿಯನ್ನರಲ್ಲಿ ಸಾವಿರಕ್ಕೆ ಸುಮಾರು 8 ಜನ ಸತ್ತರೆ, ‘ಕೆಳಜಾತಿ’ಯವರೆಂದು ದಾಖಲೆಯಲ್ಲಿ ಬರೆದಿಟ್ಟ ಹಿಂದುಗಳಲ್ಲಿ ಸಾವಿರಕ್ಕೆ ಸುಮಾರು 61 ಜನ ಸತ್ತರು. ಒಂದೇ ನಗರ, ಒಂದೇ ತಿಂಗಳು, ಒಂದೇ ವೈರಾಣು! ಚಾಳಿನ ಇಕ್ಕಟ್ಟು, ಬರಿಹೊಟ್ಟೆ, ಆರೈಕೆಗೆ ಯಾರೂ ಇಲ್ಲದಿರುವುದು ಇವು ಉಳಿದ ವ್ಯತ್ಯಾಸವನ್ನು ಮಾಡಿದವು.

ಬಡಕಲು ಮೈಗೆ ಏನು ಕೊರತೆಯೆಂದರೆ, ಜ್ವರದ ದಿನಗಳಲ್ಲಿ ಕರಗಿಸಿಕೊಳ್ಳಲು ಮಾಂಸವಿಲ್ಲ. ಉಸಿರೆಳೆಯುವ ಸ್ನಾಯುಗಳೇ ಸೊರಗಿರುವುದರಿಂದ ಕಫವನ್ನು ಕೆಮ್ಮಿ ಹೊರಹಾಕುವ ಕಸುವಿಲ್ಲ. ರೋಗದೊಡನೆ ಹೋರಾಡುವ ಕಣಗಳನ್ನು ಹುಟ್ಟಿಸಲು ಬೇಕಾದ ಸತ್ವವಿಲ್ಲ. ಹಳೆಯ ಕ್ಷಯದಿಂದ ಶ್ವಾಸಕೋಶದಲ್ಲಿ ಕಲೆಗಳು ಉಳಿದಿದ್ದರಂತೂ ಹೇಳತಕ್ಕದ್ದೇ ಇಲ್ಲ. ಕ್ಷಯವು ವೈರಾಣುವಿನ ರೋಗವಲ್ಲವಾದರೂ, ಅನ್ನಕ್ಕೂ ಎದೆಯ ರೋಗಕ್ಕೂ ಇರುವ ನಂಟನ್ನು ಅದರಷ್ಟು ಸ್ಪಷ್ಟವಾಗಿ ಇನ್ನಾವುದೂ ತೋರಿಸಿಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ ಭಾರ್ಗವ ಮತ್ತು ಅವರ ಸಂಗಡಿಗರು ಝಾರ್ಖಂಡದಲ್ಲಿ ನಡೆಸಿದ ಪ್ರಯೋಗವು 2023ರಲ್ಲಿ ಪ್ರಕಟವಾಯಿತು. ಕ್ಷಯರೋಗಿಯ ಮನೆಯವರಿಗೆಲ್ಲ ತಿಂಗಳು ತಿಂಗಳು ಕಾಳುಕಡಿ ಕೊಟ್ಟಾಗ, ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಹುಟ್ಟುವುದು ನೂರಕ್ಕೆ 39ರಷ್ಟು ಇಳಿಯಿತು. ಅದು ಔಷಧದ ಫಲವಲ್ಲ, ಊಟದ ಫಲ.

ಈ ಹೆಣ್ಣುಮಗಳಿಗೆ ‘ಮೂರು ದಿನ ವಿಶ್ರಾಂತಿ ತೆಗೆದುಕೋ’ ಎಂದು ಹೇಳುವುದು ಸುಲಭ. ಕಬ್ಬು ಕಡಿಯುವವರಲ್ಲಿ ಗಂಡಹೆಂಡಿರ ಜೋಡಿಗೆ ಒಂದು ‘ಕೋಯ್ತಾ’ ಎಂದು ಲೆಕ್ಕ. ಮುಂಗಡವನ್ನು ಹಂಗಾಮಿನ ಮೊದಲೇ ಎತ್ತಿಯಾಗಿರುತ್ತದೆ. ಒಬ್ಬರು ಕುಳಿತರೆ ಜೋಡಿಯ ದುಡಿಮೆಯೇ ನಿಂತಂತೆ. ಆಕೆ ಜ್ವರದಲ್ಲಿ ಕಬ್ಬು ಕಡಿದದ್ದು ಅಜ್ಞಾನದಿಂದಲ್ಲ.

ಇಷ್ಟು ಓದಿದ ವಾಚಕರಲ್ಲಿ ಕೆಲವರು ತಮ್ಮ ತೂಕವನ್ನು ಮನಸ್ಸಿನಲ್ಲಿಯೇ ಭಾಗಿಸಿ ನೋಡಿ, ‘ಸದ್ಯ, ತಮ್ಮದು 23ರೊಳಗೇ ಇದೆ’ ಎಂದು ಸಮಾಧಾನಪಟ್ಟಿರಬಹುದು. ಅವರು ಒಂದು ಛಾಯಾಚಿತ್ರದ ಕಥೆಯನ್ನು ಕೇಳತಕ್ಕದ್ದು. 2004ರಲ್ಲಿ ‘ಲ್ಯಾನ್ಸೆಟ್’ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಇಬ್ಬರು ವೈದ್ಯರ ಚಿತ್ರ ಅಚ್ಚಾಯಿತು. ಒಬ್ಬರು ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ, ಇನ್ನೊಬ್ಬರು ಇಂಗ್ಲೆಂಡಿನ ಡಾ. ಜಾನ್ ಯುಡ್ಕಿನ್. ಇಬ್ಬರ ದೇಹತೂಕದ ಸೂಚ್ಯಂಕವೂ ಒಂದೇ, 22.3. ನೋಡಿದವರು ಇಬ್ಬರೂ ಸಪೂರವಾದ ಆಳುಗಳೆಂದೇ ಹೇಳಬೇಕು. ಮೈಯೊಳಗಿನ ಕೊಬ್ಬನ್ನು ಯಂತ್ರದಿಂದ ಅಳೆದಾಗ ಇಂಗ್ಲೆಂಡಿನವರಲ್ಲಿ ನೂರಕ್ಕೆ 9.1, ಪುಣೆಯವರಲ್ಲಿ ನೂರಕ್ಕೆ 21.2! ಇಬ್ಬರ ಹೆಸರೂ ಇಂಗ್ಲಿಷಿನ ‘ವೈ’ ಅಕ್ಷರದಿಂದ ಆರಂಭವಾಗುವುದರಿಂದ ಇದಕ್ಕೆ ‘ವೈ-ವೈ ವಿರೋಧಾಭಾಸ’ವೆಂಬ ಹೆಸರಾಯಿತು. ತನ್ನ ಮೈಯನ್ನೇ ಸಾಕ್ಷಿಯಾಗಿ ನಿಲ್ಲಿಸುವ ವಿದ್ವಾಂಸರು ವಿರಳ. ಭಾರತೀಯನು ತಕ್ಕಡಿಗೆ ತೆಳ್ಳಗೆ, ಒಳಗೆ ದಪ್ಪ ಎಂಬುದನ್ನು ಆ ಒಂದು ಚಿತ್ರವು ನೂರು ಪ್ರಬಂಧಗಳಿಗಿಂತ ಚೆನ್ನಾಗಿ ತಿಳಿಸಿತು. ಆದುದರಿಂದಲೇ ಭಾರತೀಯರಿಗೆ ಗೆರೆಯನ್ನು ಕೆಳಗೆ ಎಳೆಯಲಾಗಿದೆ: 23ಕ್ಕೆ ಅಧಿಕತೂಕ, 25ಕ್ಕೆ ಸ್ಥೂಲಕಾಯ. ಬಡಿಗನ ಎತ್ತರದವನಿಗೆ ಮೊದಲ ಗೆರೆ 63 ಕಿಲೊಗೂ ಎರಡನೆಯ ಗೆರೆ 68 ಕಿಲೊಗೂ ಹತ್ತಿರ ಬರುತ್ತದೆ.

ಇದರ ಬೇರು ತಾಯಿಯ ಗರ್ಭದವರೆಗೂ ಹೋಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ, ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆಯಲ್ಲಿ ಬರೆದಿಡುತ್ತ ಬಂದರು. ಬರೆದವರಿಗೆ ಅದರ ಬೆಲೆ ಆಗ ತಿಳಿದಿರಲಾರದು. ಆ ಕೂಸುಗಳು ನಡುವಯಸ್ಸಿಗೆ ಬಂದ ಮೇಲೆ ಸಂಶೋಧಕರು ಊರೊಳಗೆ ಅವರನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೊ ಅಥವಾ ಅದಕ್ಕೂ ಕಡಮೆ ತೂಗಿದ್ದವರಲ್ಲಿ ನೂರಕ್ಕೆ 11 ಜನರಿಗೆ ಹೃದಯದ ರಕ್ತನಾಳಗಳ ರೋಗವಿತ್ತು; ಮೂರು ಕಿಲೊಗಿಂತ ಮೇಲೆ ತೂಗಿದ್ದ ದೊಡ್ಡ ಕೂಸುಗಳಲ್ಲಿ ನೂರಕ್ಕೆ 3 ಜನರಿಗೆ ಮಾತ್ರ. 1996ರಲ್ಲಿ ಪ್ರಕಟವಾದ ಈ ಸಂಗತಿಯನ್ನು ತಿಳಿದವರು ರೋಗಿಯನ್ನು ಕಂಡು ‘ನಾಲಗೆಯ ಚಪಲದಿಂದ ಕೆಟ್ಟ’ ಎಂದು ಮೂಗು ಮುರಿಯಲಾರರು. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆ ದೊಡ್ಡದು. ಆದರೆ ತಾಯಿಗೆ ಊಟ ಸಿಕ್ಕದಿದ್ದುದರ ಲೆಕ್ಕವನ್ನು ಮಗನು ಐವತ್ತನೆಯ ವಯಸ್ಸಿನಲ್ಲಿ ತೀರಿಸುವುದುಂಟೆಂದು ಆ ಗಾದೆಗೆ ತಿಳಿಯದು.

ಇನ್ನು ಮೊದಲೇ ಇರುವ ರೋಗಗಳ ಮಾತು. ‘ಮೊದಲೇ ಇರುವ’ ಎಂದರೆ ‘ಮೊದಲೇ ತಿಳಿದಿರುವ’ ಎಂದು ಅರ್ಥವಲ್ಲ. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಸಕ್ಕರೆ ಬೇನೆ, ಬಿ.ಪಿ. ಇದ್ದವರ ಪಟ್ಟಿ ಮಾಡಿದರು. ಕಲ್ಪನೆಯ ಒಡೆಯನ ಮನೆಯ ಬಾಗಿಲಲ್ಲಿ ಸಂಭಾಷಣೆ ಹೀಗೆ ನಡೆದೀತು.

“ಕಾಕೂ, ಕಾಕಾಗ ಸಕ್ಕರಿ ಬ್ಯಾನಿ ಐತೇನ್ರಿ?”

“ಇಲ್ಲ ಬಿಡ ತಂಗಿ. ನಮ್ಮ ಮನ್ಯಾಗ ಯಾರಿಗೂ ಅಂಥಾ ಬ್ಯಾನಿ ಇಲ್ಲ.”

“ದವಾಖಾನ್ಯಾಗ ತೋರಿಸೀರೇನ್ರಿ?”

“ಬ್ಯಾನಿನ ಇಲ್ಲಂದ್ರ ಏನಂತ ತೋರಸೂದು?”

ಕಾರ್ಯಕರ್ತೆ ‘ಇಲ್ಲ’ ಎಂದು ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾಳೆ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ದೇಶದ ಎಲ್ಲ ರಾಜ್ಯಗಳಲ್ಲಿ ನಡೆದು 2023ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, ವಯಸ್ಕರಲ್ಲಿ ನೂರಕ್ಕೆ 11.4 ಜನರಿಗೆ ಮಧುಮೇಹವಿದೆ, 15.3 ಜನ ಅದರ ಹೊಸ್ತಿಲಲ್ಲಿದ್ದಾರೆ. ರಕ್ತದೊತ್ತಡ ನೂರಕ್ಕೆ 35.5 ಜನರಿಗೆ. ಇವರಲ್ಲಿ ಎಷ್ಟೋ ಮಂದಿಗೆ ಅದು ತಿಳಿದೇ ಇರುವುದಿಲ್ಲ, ಏಕೆಂದರೆ ಈ ಎರಡು ರೋಗಗಳೂ ಬಹುಕಾಲ ನೋಯುವುದಿಲ್ಲ.

ರಕ್ತದಲ್ಲಿ ಸಕ್ಕರೆ ಏರಿರುವಾಗ ಕಾವಲಿನ ಬಿಳಿಯ ಕಣಗಳು ಮಂದವಾಗುತ್ತವೆ. ವೈರಾಣುವಿನ ಬೆನ್ನಿಗೆ ಬರುವ ಇತರ ರೋಗಾಣುಗಳಿಗೂ ದಾರಿಯಾಗುತ್ತದೆ. ಜ್ವರವು ತಾನಾಗಿ ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ. ಕೋವಿಡ್‌ನಲ್ಲಿ ಉಸಿರು ಕಟ್ಟಿದವರ ಪ್ರಾಣ ಉಳಿಸಿದ ಸ್ಟೆರಾಯ್ಡ್ ಔಷಧವೂ ಅದನ್ನೇ ಮಾಡಿತು. ಮೂರೂ ಕೂಡಿದ್ದರ ಫಲವನ್ನು 2021ರ ಬೇಸಗೆಯಲ್ಲಿ ದೇಶವು ಕಣ್ಣಾರೆ ಕಂಡಿತು. ‘ಕಪ್ಪು ಶಿಲೀಂಧ್ರ’ವೆಂಬ ಹೆಸರಿನಿಂದ ಮೂಗು ಕಣ್ಣುಗಳನ್ನು ತಿನ್ನುವ ರೋಗವು ಜೂನ್ ತಿಂಗಳ ಕೊನೆಯ ಹೊತ್ತಿಗೆ 40 ಸಾವಿರಕ್ಕೂ ಹೆಚ್ಚು ಜನರನ್ನು ಹಿಡಿದಿತ್ತು, ಅವರಲ್ಲಿ ನೂರಕ್ಕೆ 64 ಜನ ಮಧುಮೇಹಿಗಳು.

ಹೃದ್ರೋಗಿಗಳಿಗೆ ಫ್ಲೂ ಬರಿಯ ಕೆಮ್ಮಾಗಿ ಉಳಿಯದು. ಕೆನಡಾದ ಒಂಟಾರಿಯೊ ಪ್ರಾಂತದ ದಾಖಲೆಗಳಿಂದ 2018ರಲ್ಲಿ ತಿಳಿದುಬಂದಂತೆ, ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಸಂಭವ ಉಳಿದ ದಿನಗಳ ಆರು ಪಟ್ಟು. ಶ್ವಾಸಕೋಶವೇ ಮೊದಲು ಕೆಟ್ಟಿರುವವರ ಪಾಡು ಹೇಳಬೇಕಾದುದಿಲ್ಲ. ನಿಪ್ಪಾಣಿಯ ಸುತ್ತಿನ ತಂಬಾಕಿನ ಸೀಮೆಯಲ್ಲಿ ಬೀಡಿ ಸೇದುವವನ ಎದೆಯ ಜೊತೆಗೆ, ತಂಬಾಕಿನ ಧೂಳಿನಲ್ಲಿ ದಿನವೆಲ್ಲ ಕುಳಿತು ಬೀಡಿ ಕಟ್ಟುವ ಹೆಂಗಸಿನ ಎದೆಯನ್ನೂ, ಕಟ್ಟಿಗೆ ಕುಳ್ಳುಗಳ ಹೊಗೆಯಲ್ಲಿ ರೊಟ್ಟಿ ಬಡಿದ ಮುದುಕಿಯ ಎದೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು ಅಳತೆ. ದರ್ಜಿಯ ಟೇಪು ಸಾಕು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ಮೀರಿದರೆ ಒಳಗಿನ ಕೊಬ್ಬಿನ ಸುಳಿವು ಸಿಕ್ಕಂತೆ. 30 ದಾಟಿದವರೆಲ್ಲರ ವಿಷಯದಲ್ಲಿ ಆಶಾ ಕಾರ್ಯಕರ್ತೆ ತುಂಬತಕ್ಕ ಸರಕಾರಿ ನಮೂನೆಯಲ್ಲಿ ಈ ಸೊಂಟದಳತೆಯ ಪ್ರಶ್ನೆಯೂ ಇದೆ. ರಕ್ತದೊತ್ತಡ, ಸಕ್ಕರೆಗಳ ಪರೀಕ್ಷೆ ಊರಿನ ಆರೋಗ್ಯ ಉಪಕೇಂದ್ರದಲ್ಲಿ ಬಿಟ್ಟಿಯಾಗಿ ಆಗುತ್ತದೆ. ಬಾಗಿಲಲ್ಲಿ ನಿಂತು ‘ಇಲ್ಲ’ ಎನ್ನುವುದಕ್ಕಿಂತ ಬೆರಳು ಚಾಚುವುದು ಲೇಸು. ಎರಡನೆಯದು ನಡಿಗೆ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಅವರ ತಂಡವು ಮಧುಮೇಹದ ಹೊಸ್ತಿಲಲ್ಲಿದ್ದವರನ್ನು ನಡೆಯಿಸಿ, ಊಟ ತಿದ್ದಿ, 2006ರಲ್ಲಿ ಪ್ರಕಟಿಸಿದ ಫಲವು ಆಶಾದಾಯಕವಾಗಿದೆ. ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ರೋಗವು ನೂರಕ್ಕೆ ಸುಮಾರು 28ರಷ್ಟು ಕಡಮೆಯಾಯಿತು. ತಕ್ಕಡಿ ಅಲುಗಲಿಲ್ಲವೆಂದು ತಿಂಗಳೊಪ್ಪತ್ತಿನಲ್ಲಿ ನಡಿಗೆ ಬಿಡುವವರು ಇದನ್ನು ನೆನೆಯಬೇಕು.

ಫ್ಲೂವಿನ ಲಸಿಕೆಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಹಾಕಿಸಿಕೊಳ್ಳಬೇಕು. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ನೋಡಿದಾಗ, ಲಸಿಕೆ ಪಡೆದ ಸ್ಥೂಲಕಾಯದವರಿಗೆ ಫ್ಲೂ ಬರುವ ಸಂಭವ ಲಸಿಕೆ ಪಡೆದ ಇತರರಿಗಿಂತ ಎರಡು ಪಟ್ಟು ಇದ್ದಿತು. ಲಸಿಕೆ ವ್ಯರ್ಥವೆಂದು ಇದರ ಅರ್ಥವಲ್ಲ. ಒಡೆಯನೊಬ್ಬನಿಗೇ ಹಾಕಿಸಿ ಸುಮ್ಮನಾಗದೆ ಅವನ ಮನೆಯವರೂ ಹಾಕಿಸಿಕೊಳ್ಳಬೇಕೆಂದು. ಜ್ವರ ಬಂದ ಮೇಲಂತೂ ಸಕ್ಕರೆ, ಬಿ.ಪಿ., ಕ್ಷಯ, ಉಬ್ಬಸ ಇದ್ದವರು ಬಡಿಗನ ಹಾಗೆ ಮೂರು ದಿನ ಕಾದು ನೋಡಲಾಗದು. ಫ್ಲೂವಿಗೆ ಕೊಡುವ ಒಸೆಲ್ಟಾಮಿವಿರ್ ಎಂಬ ಗುಳಿಗೆ ಮೊದಲ ಎರಡು ದಿನಗಳೊಳಗೆ ಕೊಟ್ಟರೆ ಹೆಚ್ಚು ಗುಣ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರು 94ಕ್ಕಿಂತ ಕೆಳಗೆ ತೋರಿಸಿದರೆ, ರೋಗಿ ಎದ್ದು ಕುಳಿತು ಮಾತನಾಡುತ್ತಿದ್ದರೂ, ಗಾಡಿ ಕಟ್ಟಿಸಬೇಕು. ‘ಊಟವೇ ಸೇರುತ್ತಿಲ್ಲ, ಸಕ್ಕರೆಯ ಗುಳಿಗೆ ಏಕೆ?’ ಎಂದು ತಾವಾಗಿಯೇ ನಿಲ್ಲಿಸುವವರು ಬಹಳ. ಯಾವುದನ್ನು ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಬಾರದು ಎಂಬುದನ್ನು ವೈದ್ಯರೇ ಹೇಳಬೇಕು.

ಗಾಡಿ ಎಲ್ಲಿಗೆ ಹೋಗಬೇಕೆಂಬುದೂ ಈ ಸೀಮೆಯಲ್ಲಿ ಸಣ್ಣ ಪ್ರಶ್ನೆಯಲ್ಲ. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಮಿರಜದಲ್ಲಿ ಆಸ್ಪತ್ರೆಯನ್ನು ಆರಂಭಿಸಿದಂದಿನಿಂದ ಚಿಕ್ಕೋಡಿ, ಅಥಣಿ, ಕಾಗವಾಡಗಳ ಜನ ದೊಡ್ಡ ಬೇನೆಗೆ ಅತ್ತ ಕಡೆಯೇ ಮುಖ ಮಾಡುತ್ತ ಬಂದಿದ್ದಾರೆ. ಕೋವಿಡ್ ಕಾಲದಲ್ಲಿ ಕೊಗನೊಳಿಯಂಥ ಗಡಿಯ ನಾಕೆಗಳಲ್ಲಿ ವಾಹನಗಳನ್ನು ತಡೆದು ಪರೀಕ್ಷಾ ಪತ್ರ ಕೇಳಿದಾಗ, ನಿತ್ಯ ದಾಟುತ್ತಿದ್ದ ದಾರಿ ಬೇರೆ ರಾಜ್ಯದ್ದೆಂದು ಎಷ್ಟೋ ರೋಗಿಗಳಿಗೆ ನೆನಪಾಯಿತು. ಮಳೆಗಾಲದಲ್ಲಿ ಹೊಳೆ ತುಂಬಿದರೆ ಕಲ್ಲೋಳ-ಯಡೂರು ಸೇತುವೆಯೂ ಮುಳುಗುತ್ತದೆ. 2019ರ ಆಗಸ್ಟಿನಲ್ಲಿ, 2021ರ ಜುಲೈಯಲ್ಲಿ ಕೃಷ್ಣೆಯ ದಂಡೆಯ ಊರುಗಳವರು ಮನೆಮಾರು ಬಿಟ್ಟು ಆಶ್ರಯ ಕೇಂದ್ರಗಳಿಗೆ ಹೋಗಬೇಕಾಯಿತು; ಎರಡನೆಯ ಸಲವಂತೂ ಕೋವಿಡ್ ಇನ್ನೂ ತೊಲಗಿರಲಿಲ್ಲ. ಒಂದೇ ಕೋಣೆಯಲ್ಲಿ ಹತ್ತಾರು ಸಂಸಾರಗಳು ಮಲಗುವಂಥ ಕಡೆ ಕೆಮ್ಮು ಹಬ್ಬುವುದಕ್ಕೆ ತಡವಾಗದು. ನೀರು ಏರುವ ಸುದ್ದಿ ಬಂದಾಗ ಜನ ರೇಷನ್ ಕಾರ್ಡನ್ನೂ ಹೊಲದ ಕಾಗದಪತ್ರಗಳನ್ನೂ ಕಟ್ಟಿಕೊಳ್ಳುತ್ತಾರೆ, ದನಗಳ ಹಗ್ಗ ಬಿಚ್ಚುತ್ತಾರೆ. ಆ ಗಂಟಿನಲ್ಲಿಯೇ ತಿಂಗಳಿಗಾಗುವಷ್ಟು ಸಕ್ಕರೆ, ಬಿ.ಪಿ. ಗುಳಿಗೆಗಳನ್ನೂ ವೈದ್ಯರ ಚೀಟಿಯನ್ನೂ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಇಟ್ಟುಕೊಳ್ಳಬೇಕು.